ಹಳೆಯ ಟಿವಿಯ ಕವಚ ಹಂಡೆ ಒಲೆಗೆ ಬೇಡ

ಮಳೆಗಾಲದಲ್ಲಿ ತೆಂಗಿನ ಸಿಪ್ಪೆ ಹಸಿಯಾಗಿದ್ದರೆ ಕೈಗೆ ಸಿಕ್ಕಿದ ಪ್ಲಾಸ್ಟಿಕ್ ತುರುಕಿ ಬಚ್ಚಲ ಒಲೆ ಹೊತ್ತಿಸುವ ಅಭ್ಯಾಸ ನಮ್ಮ ಉಡುಪಿ ಕಡೆ ಇನ್ನೂ ಇದೆ. ಯಾವ ಪ್ಲಾಸ್ಟಿಕ್ ಸುಡುವುದೂ ತಪ್ಪೇ. ಅದರಲ್ಲೂ ಹಳೆಯ ಡಬ್ಬಾ ಟಿವಿ, ಕಂಪ್ಯೂಟರ್‌ಗಳ ಕವಚ ಮಹಾ ಕೆಟ್ಟದ್ದು. ಬೇಗ ಬೆಂಕಿ ಹತ್ತದಿರಲೆಂದು ಅಂಥ ಹಲವು ಕವಚಗಳಿಗೆ ಬ್ರೋಮಿನ್ ಸಂಯುಕ್ತ ಬೆರೆಸಿರುತ್ತಾರೆ. ಸುಟ್ಟರೆ ಡಯಾಕ್ಸಿನ್ ಜಾತಿಯ ವಿಷ ಹುಟ್ಟುತ್ತದೆ. ಹೊಗೆ ಮನೆಯವರಿಗೆ, ಬೂದಿ ಬಸಳೆಯ ಬುಡಕ್ಕೆ!

ಬೆಂಕಿ ತಡೆಯುವ ಈ ಬ್ರೋಮಿನ್ ಗುಂಪಿನ ಕೆಲವು ರಾಸಾಯನಿಕಗಳು 2009ರಲ್ಲಿ, ಟಿವಿ ಕವಚಗಳಿಗೆ ಬೆರೆಸುತ್ತಿದ್ದ ಡೆಕಾಬಿಡಿಇ ಎಂಬುದು 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ನಾಶವಾಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿವೆ. ಆದರೆ ಅಟ್ಟದ ಮೇಲಿರುವ ಟಿವಿ ಅದಕ್ಕಿಂತ ಹಳೆಯದು, ಅಲ್ಲವೇ?

ಅದನ್ನು ಬಿಚ್ಚಿ ತಾಮ್ರ ಮಾತ್ರ ಗುಜರಿಗೆ ಮಾರಬೇಡಿ. ಇಡಿಯಾಗಿ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ಕವಚವನ್ನು ಬಕೆಟ್, ಕುರ್ಚಿಗಳ ಜೊತೆ ಒಣಕಸಕ್ಕೆ ಹಾಕಿದರೆ ಅದೇ ವಿಷ ಮರುಬಳಕೆಯ ಪ್ಲಾಸ್ಟಿಕ್‌ಗೂ ಸೇರುತ್ತದೆ. ದೊಡ್ಡ ಘಟಕಗಳಲ್ಲಿ ಇದನ್ನು ಉಪ್ಪುನೀರಿನಂಥ ದ್ರಾವಣದಲ್ಲಿ ಬೇರ್ಪಡಿಸುತ್ತಾರೆ: ಬ್ರೋಮಿನ್ ಹೆಚ್ಚಿರುವ ಚೂರು ಭಾರವಾಗಿ ಮುಳುಗುತ್ತದೆ. ಮನೆಯಲ್ಲಿ ಅಂಥ ಪ್ರಯೋಗ ಬೇಡ.

ಹಳೆಯ ಸೋಫಾದ ಸ್ಪಂಜಿನಲ್ಲೂ ಇಂಥ ರಾಸಾಯನಿಕ ಇರಬಹುದು. ಹಿಟ್ಟಿನಂತೆ ಉದುರುವ ಸ್ಪಂಜನ್ನು ತಲೆದಿಂಬಿಗೆ ತುಂಬಬೇಡಿ, ಕೋಳಿಗೂಡಿಗಂತೂ ಹಾಕಲೇಬೇಡಿ. ಕೋಳಿ ಕುಕ್ಕಿ ತಿಂದದ್ದು ಮೊಟ್ಟೆಗೆ ಬರುತ್ತದೆ. ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸದ ವಾಹನದವರಿಗೆ ಹೇಳಿಯೇ ಕೊಡಿ. ಬಿದ್ದ ಪುಡಿಯನ್ನು ಪೊರಕೆಯಿಂದ ಎಬ್ಬಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.