ಫೈಲ್ ಹೆಸರು ನಂಬಬೇಡಿ, ಒಳಗೆ ಇಣುಕಿ ನೋಡಿ

ಆಫೀಸಿನಲ್ಲಿ ಯಾರ ಕೈಯಲ್ಲೂ ಓಪನ್ ಆಗದ ಫೈಲ್ ಕೊನೆಗೆ ನನ್ನ ಟೇಬಲ್ಲಿಗೇ ಬರುತ್ತದೆ. "ಇದಕ್ಕೆ ಯಾವ ಆ್ಯಪ್ ಹಾಕ್ಕೋಬೇಕು?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಇದು ಎಲ್ಲಿಂದ ಬಂತು?

ಅರ್ಧ ಉತ್ತರ ಅಲ್ಲೇ ಇರುತ್ತದೆ. ಟಿವಿ ರೆಕಾರ್ಡಿಂಗ್‌ನಿಂದ ಬಂದ .ಟಿಎಸ್ ಫೈಲ್ ಆದರೆ ಅದು ವಿಡಿಯೊ, ವಿಎಲ್‌ಸಿ ಪ್ಲೇಯರ್‌ನಲ್ಲಿ ಓಡುತ್ತದೆ. ಪ್ರೋಗ್ರಾಮರ್ ಕಳಿಸಿದ್ದಾದರೆ ಟೈಪ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡ್. ಸೈಜ್ ನೋಡಿದರೂ ಸಾಕು: ನೂರಾರು ಎಂಬಿ ಕೋಡನ್ನು ಯಾರು ಬರೀತಾರೆ? ಇಮೇಲ್‌ನಲ್ಲಿ 'ವಿನ್‌ಮೇಲ್ ಡಾಟ್ ಡಿಎಟಿ' ಬಂದರೆ ಅದು ಕಳಿಸಿದವರ ಔಟ್‌ಲುಕ್ ಮೇಲ್ ಆ್ಯಪ್ ಕಟ್ಟಿದ ಗಂಟು. ಮೇಲನ್ನು ಪ್ಲೇನ್ ಟೆಕ್ಸ್ಟ್‌ನಲ್ಲಿ ಮತ್ತೆ ಕಳಿಸಲು ಹೇಳಿ.

ಮೂಲ ಗೊತ್ತಿಲ್ಲ ಅಂದರೆ ಒಳಗೆ ನೋಡಲೇಬೇಕು. ಮೊದಲು ಒಂದು ಕಾಪಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ .ಪಿಡಿಎಫ್‌ನಂಥ ಭಾಗ) ಕಾಣದಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಆನ್ ಮಾಡಿ. ಆಮೇಲೆ ಆ ಕಾಪಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಫೈಲ್ ತುಂಬಾ ದೊಡ್ಡದಿದ್ದರೆ ನೋಟ್‌ಪ್ಯಾಡ್ ಬೇಡ, ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್ ಒಳ್ಳೆಯದು. ಪರದೆ ತುಂಬ ವಿಚಿತ್ರ ಚಿಹ್ನೆಗಳು ಕಾಣುತ್ತವೆ, ಗಾಬರಿ ಬೇಡ. ನಮಗೆ ಬೇಕಾದದ್ದು ಮೊದಲ ನಾಲ್ಕೈದು ಅಕ್ಷರ ಮಾತ್ರ.

ಪರ್ಸೆಂಟ್ ಚಿಹ್ನೆ, ಅದಾದ ಕೂಡಲೇ ಪಿಡಿಎಫ್ ಅಂತ ಇದ್ದರೆ ಅದು ಪಿಡಿಎಫ್ ಫೈಲೇ. ಶುರುವಿನಲ್ಲೇ ಪಿಎನ್‌ಜಿ ಅಂತ ಕಂಡರೆ ಚಿತ್ರ. ಪಿಕೆ ಎಂಬ ಎರಡು ಅಕ್ಷರ ಇದ್ದರೆ ಜಿಪ್. ಜಿಪ್ ಫಾರ್ಮ್ಯಾಟ್ ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಶಿಯಲ್ ಅದು. ಮಜಾ ಇರುವುದು ಇಲ್ಲೇ. ಈಗಿನ ವರ್ಡ್, ಎಕ್ಸೆಲ್, ಇಪಬ್ (ಇ-ಪುಸ್ತಕ) ಫೈಲ್‌ಗಳೂ ಒಳಗಿಂದ ಜಿಪ್ಪೇ. ಕಾಪಿಯ ಹೆಸರಿನ ಕೊನೆಗೆ .ಜಿಪ್ ಸೇರಿಸಿ ತೆರೆಯಿರಿ. ಒಳಗೆ 'ವರ್ಡ್' ಫೋಲ್ಡರ್ ಇದ್ದರೆ ವರ್ಡ್ ಫೈಲ್ (.ಡಾಕ್‌ಎಕ್ಸ್), 'ಎಕ್ಸ್‌ಎಲ್' ಇದ್ದರೆ ಎಕ್ಸೆಲ್. ಸರಿಯಾದ ಎಕ್ಸ್‌ಟೆನ್ಶನ್ ಹಾಕಿದರೆ ಡಬಲ್ ಕ್ಲಿಕ್‌ಗೆ ತೆರೆದುಕೊಳ್ಳುತ್ತದೆ. ಹಾಗಂತ ಹೆಸರು ಬದಲಿಸಿದರೆ ಫಾರ್ಮ್ಯಾಟ್ ಬದಲಾಗುವುದಿಲ್ಲ. ಚಿತ್ರಕ್ಕೆ .ಪಿಡಿಎಫ್ ಅಂತ ಸುಮ್ನೆ ಹೆಸರಿಟ್ಟರೆ ಅದು ಚಿತ್ರವೇ.

ಎಂಜೆಡ್ ಅಂತ ಶುರುವಾದರೆ ಕೈ ಹಿಂದೆ ತೆಗೆಯಿರಿ. ಅದು ವಿಂಡೋಸ್ ಪ್ರೋಗ್ರಾಂ. 'ಇನ್‌ವಾಯ್ಸ್' ಅಂತ ಹೆಸರಿದ್ದು ಒಳಗೆ ಎಂಜೆಡ್ ಇದ್ದರೆ ಡಿಲೀಟ್ ಮಾಡಿ, ಅಷ್ಟೇ.

ಲಿನಕ್ಸ್, ಮ್ಯಾಕ್‌ನವರಿಗೆ ಇಷ್ಟೆಲ್ಲ ತಾಪತ್ರಯ ಇಲ್ಲ. ಟರ್ಮಿನಲ್‌ನಲ್ಲಿ 'ಫೈಲ್' ಕಮಾಂಡ್ ಕೊಟ್ಟು ಮುಂದೆ ಫೈಲಿನ ಹೆಸರು ಬರೆದರೆ, ಅದೇ ಒಳಗೆ ನೋಡಿ ಹೇಳುತ್ತದೆ.

ಇನ್ನೊಂದು ಜಾಸ್ತಿ ಸಿಗುವ ಕೇಸ್: ಡೌನ್‌ಲೋಡ್ ಮಾಡಿದ ಪಿಡಿಎಫ್ ತೆರೆಯುವುದಿಲ್ಲ, ಒಳಗೆ ನೋಡಿದರೆ ಎಚ್‌ಟಿಎಂಎಲ್, ಅಂದರೆ ವೆಬ್ ಪೇಜಿನ ಕೋಡ್. ಹೆಚ್ಚಾಗಿ ಫೈಲ್ ಬದಲು ಸೈಟಿನ ಲಾಗಿನ್ ಪೇಜ್ ಸೇವ್ ಆಗಿರುತ್ತದೆ. ಲಾಗಿನ್ ಆಗಿ ಮತ್ತೆ ಡೌನ್‌ಲೋಡ್ ಮಾಡಿ.