ಒಂದಕ್ಕೊಂದು ಎದುರಾಗುವ ಎರಡು ಡೆಕ್‌ಗಳನ್ನು ನಾನು ಕಟ್ಟಿದ ಬಗೆ

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬುದು ಬೇರೆ ಬೇರೆ ಬಣ್ಣಗಳ ಕಾರ್ಡುಗಳಿಂದ ಕಟ್ಟಿದ ಡೆಕ್ (ಕಾರ್ಡುಗಳ ಕಟ್ಟು) ಹಿಡಿದು ಎದುರುಬದುರು ಕುಳಿತು ಆಡುವ ಆಟ. ಅದನ್ನು ಆಡುವವರಲ್ಲಿ ಹೆಚ್ಚಿನವರು ಡೆಕ್ ಕಟ್ಟುವುದು ಹೊರಗಿನ ಎದುರಾಳಿಗಾಗಿ. ಆ ಎದುರಾಳಿ ಯಾವ ಬಣ್ಣದ ಯಾವ ಡೆಕ್ ಹಿಡಿದು ಬರುತ್ತಾರೆಂಬುದು ಗೊತ್ತಿರುವುದಿಲ್ಲವಾದ್ದರಿಂದ ತಮ್ಮ ಡೆಕ್ಕನ್ನು ಸಾಧ್ಯವಾದಷ್ಟು ಬಲಪಡಿಸಿಕೊಳ್ಳುವುದೇ ಅವರ ಗುರಿಯಾಗಿರುತ್ತದೆ. ನಾನು ಇಷ್ಟಪಟ್ಟು ಮಾಡುವ ಕೆಲಸ ಬೇರೆ. ಎರಡೂ ಡೆಕ್‌ಗಳನ್ನು ನಾನೇ ಕಟ್ಟಿ, ಒಂದೇ ಡಬ್ಬಿಯಲ್ಲಿಟ್ಟು, ಆಡಲು ಕುಳಿತವರು ಯಾವುದನ್ನು ಎತ್ತಿಕೊಂಡರೂ ಗೆಲ್ಲುವ ಅವಕಾಶ ಸರಿಸುಮಾರು ಸಮನಾಗಿರುವಂತೆ ನೋಡಿಕೊಳ್ಳುತ್ತೇನೆ. ಈ ಆಲೋಚನೆ ಹೊಸದೇನಲ್ಲ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ, 1993ರಲ್ಲಿ ಮೊದಲು ಹೊರಬಂದ ಈ ಆಟವನ್ನು ಪ್ರಕಟಿಸುತ್ತಿರುವ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯೇ 2007ರಲ್ಲಿ ಕಥೆಗಳ ಜೀವಿಗಳಾದ ಎಲ್ಫ್ ಮತ್ತು ಗಾಬ್ಲಿನ್‌ಗಳ ಜೋಡಿಯಿಂದ 'ಡ್ಯುಯಲ್ ಡೆಕ್ಸ್' ಎಂಬ ಸರಣಿಯನ್ನು ಆರಂಭಿಸಿತ್ತು. ಆದರೆ ನನಗೆ ಬೇಕಾಗಿದ್ದುದು ಎರಡು ಸೈನ್ಯಗಳು ಮುಖಾಮುಖಿ ಹೊಡೆದಾಡುವ ಜೋಡಿಯಲ್ಲ. ಒಂದು ಕಡೆ ಅವಸರ, ಇನ್ನೊಂದು ಕಡೆ ತಾಳ್ಮೆ ಇರುವ ಜೋಡಿ. ಹಾಗಾಗಿ ಕೆಂಪು ಬಣ್ಣದ ಗಾಬ್ಲಿನ್ ಡೆಕ್ ಒಂದನ್ನೂ, ಅದನ್ನು ತಡೆದು ನಿಲ್ಲಿಸಿ ನಿಧಾನವಾಗಿ ಗೆಲ್ಲುವ ಬಿಳಿ-ನೀಲಿ ಕಂಟ್ರೋಲ್ ಡೆಕ್ ಒಂದನ್ನೂ ಆರಿಸಿಕೊಂಡೆ.

ನಿಯಮಗಳೆಲ್ಲ ಎಂದಿನವೇ: ಕನಿಷ್ಠ 60 ಕಾರ್ಡು, ಬೇಸಿಕ್ ಲ್ಯಾಂಡ್ (ಬೇರೆ ಕಾರ್ಡು ಆಡಲು ಬೇಕಾದ ಮಾನಾ ಎಂಬ ಶಕ್ತಿ ಕೊಡುವ ಮೂಲ ಕಾರ್ಡು) ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚಿಲ್ಲ, ತಲಾ 20 ಲೈಫ್ (ಅದು ಸೊನ್ನೆಯಾದವರು ಸೋತಂತೆ). ಟೂರ್ನಮೆಂಟಿನಲ್ಲಿ ಆಟಗಳ ನಡುವೆ ಡೆಕ್ಕಿಗೆ ಬದಲಾಯಿಸಿಕೊಳ್ಳಲು ಇರುವ 15 ಕಾರ್ಡುಗಳ ಸೈಡ್‌ಬೋರ್ಡನ್ನು ಕೈಬಿಟ್ಟೆ. ಎದುರಿಗೆ ಯಾವ ಡೆಕ್ ಇದೆಯೆಂಬುದು ಮೊದಲೇ ಗೊತ್ತಿರುವಾಗ ಸೈಡ್‌ಬೋರ್ಡ್‌ಗೆ ಅರ್ಥವಿಲ್ಲ.

ಜೋಡಿ ಡೆಕ್ ಕಟ್ಟುವಾಗ ಕಾರ್ಡೊಂದರ ಬಲವನ್ನು ಅದರಷ್ಟಕ್ಕೇ ಅಳೆಯುವುದು ವ್ಯರ್ಥ. ಎದುರಿನ ಅರವತ್ತು ಕಾರ್ಡುಗಳ ಮುಂದೆ ಅದು ಏನಾಗುತ್ತದೆ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಬೇನ್‌ಸ್ಲೇಯರ್ ಏಂಜೆಲ್ ಮತ್ತು ಸೆರಾ ಏಂಜೆಲ್ ಎಂಬ ಬಿಳಿ ಜೀವಿಗಳೆರಡಕ್ಕೂ ಐದೇ ಮಾನಾ. ಬಿಡಿಯಾಗಿ ನೋಡಿದರೆ ಮೊದಲನೆಯದು ಎಷ್ಟೋ ಪಾಲು ಮೇಲು, ಆದರೂ ನಾನು ಆರಿಸಿಕೊಂಡದ್ದು ಎರಡನೆಯದನ್ನು. 5/5 (ಹೊಡೆತ ಐದು, ತಾಳಿಕೆ ಐದು) ಇರುವ ಬೇನ್‌ಸ್ಲೇಯರ್‌ಗೆ ಲೈಫ್‌ಲಿಂಕ್ ಇರುವುದರಿಂದ ಅದು ಒಮ್ಮೆ ಹೊಡೆದರೆ ಎದುರಾಳಿಯ ಐದು ಲೈಫ್ ಹೋಗುತ್ತದೆ, ನಮಗೆ ಐದು ಬರುತ್ತದೆ. ಆ ಹತ್ತರ ಅಂತರವನ್ನು ಗಾಬ್ಲಿನ್ ಡೆಕ್ ಮತ್ತೆ ತುಂಬಿಕೊಳ್ಳುವುದು ಕಷ್ಟ. ಸೆರಾ ಏಂಜೆಲ್ 4/4. ಕೆಂಪಿನವರ ಲೈಟ್ನಿಂಗ್ ಬೋಲ್ಟ್ ಮಾಡುವುದು ಮೂರು ಡ್ಯಾಮೇಜ್, ಅಂದರೆ ಒಂದು ಕಡಿಮೆ. ಮೇಜಿನ ಮೇಲಿರುವ ಮಾಗ್ ಫ್ಯಾನಟಿಕ್ ಎಂಬ ಗಾಬ್ಲಿನ್ನನ್ನು ಬಲಿ ಕೊಟ್ಟರೆ ಆ ಒಂದು ಸಿಗುತ್ತದೆ, ಏಂಜೆಲ್ ಬೀಳುತ್ತದೆ. ಆದರೆ ಎರಡು ಕಾರ್ಡು ಕಳೆದುಕೊಂಡು ಒಂದನ್ನು ತೆಗೆದಂತಾಯಿತು, ಎದುರಾಳಿಯ ಮುಖಕ್ಕೆ ಹೊಡೆಯಬಹುದಾಗಿದ್ದ ನಾಲ್ಕು ಡ್ಯಾಮೇಜೂ ಹೋಯಿತು. ಏಂಜೆಲನ್ನು ಕೊಲ್ಲಬೇಕೋ, ಅದನ್ನು ಲೆಕ್ಕಿಸದೆ ಎದುರಾಳಿಯನ್ನೇ ಮುಗಿಸಲು ಓಡಬೇಕೋ ಎಂಬ ಪ್ರಶ್ನೆ ಕೆಂಪು ಡೆಕ್ ಹಿಡಿದವರನ್ನು ನಿಜವಾಗಿ ಕಾಡುವುದು ಈ ಮೂರು-ನಾಲ್ಕರ ನಡುವಿನ ಸಣ್ಣ ಅಂತರದಲ್ಲಿ. ಇಂಥ ಅಂತರಗಳನ್ನು ಹುಡುಕಿ ಕೂಡಿಸುವುದೇ ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ.

ಕಾರ್ಡುಗಳನ್ನು ಆರಿಸಿದ ಮೇಲೆ ನಾನು ಮೊದಲು ಮಾಡುವುದು ಸರದಿಗಳ ಲೆಕ್ಕ. ವೇಗದ ಡೆಕ್ಕಿನ ಅತ್ಯುತ್ತಮ ಕೈಯನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಯಾರೂ ಅಡ್ಡಬರದಿದ್ದರೆ ಅದು ಎಷ್ಟನೇ ಸರದಿಯಲ್ಲಿ ಕೊಲ್ಲುತ್ತದೆಂದು ನೋಡುತ್ತೇನೆ. ನನ್ನ ಕೆಂಪು ಡೆಕ್ಕಿನ ಮೊದಲ ಕರಡಿನಲ್ಲಿ ಅದು ಹೀಗಿತ್ತು. ಮೊದಲ ಸರದಿಯಲ್ಲಿ ಗಾಬ್ಲಿನ್ ಗೈಡ್ ಇಳಿದು, ಹೇಸ್ಟ್ (ಇಳಿದ ಸರದಿಯಲ್ಲೇ ದಾಳಿ ಮಾಡುವ ಶಕ್ತಿ) ಇರುವುದರಿಂದ ಆಗಲೇ ಎರಡು ಹೊಡೆಯುತ್ತದೆ. ಎದುರಾಳಿಗೆ 18 ಉಳಿಯುತ್ತದೆ. ಎರಡನೆಯದರಲ್ಲಿ ರೇಜಿಂಗ್ ಗಾಬ್ಲಿನ್ ಮತ್ತು ಮಾಗ್ ಫ್ಯಾನಟಿಕ್ ಇಳಿಯುತ್ತವೆ. ರೇಜಿಂಗ್ ಗಾಬ್ಲಿನ್ನಿಗೂ ಹೇಸ್ಟ್ ಇರುವುದರಿಂದ ಗೈಡ್ ಜೊತೆ ಸೇರಿ ಮೂರು, ಅಂದರೆ 15. ಮೂರನೆಯದರಲ್ಲಿ ಉಳಿದ ಗಾಬ್ಲಿನ್‌ಗಳಿಗೆಲ್ಲ +1/+1 ಮತ್ತು ಹೇಸ್ಟ್ ಕೊಡುವ ಗಾಬ್ಲಿನ್ ಚೀಫ್‌ಟನ್ ಬರುತ್ತದೆ. ಮೂರು, ಎರಡು, ಎರಡು ಮತ್ತು ಚೀಫ್‌ಟನ್ನಿನದೇ ಎರಡು ಸೇರಿ ಒಂಬತ್ತು. ಎದುರಾಳಿ ಆರಕ್ಕೆ ಇಳಿದಿರುತ್ತಾರೆ. ನಾಲ್ಕನೇ ಸರದಿಯ ದಾಳಿ ಮುಗಿಯುವಷ್ಟರಲ್ಲಿ ಆಟವೂ ಮುಗಿದಿರುತ್ತದೆ.

ಈಗ ಎದುರು ಬದಿಯ ಕಣ್ಣಿನಿಂದ ನೋಡಬೇಕು. ಬಿಳಿ-ನೀಲಿ ಡೆಕ್ಕಿನ ಮುಖ್ಯ ಅಸ್ತ್ರ ಮೇಜಿನ ಮೇಲಿರುವ ಎಲ್ಲ ಜೀವಿಗಳನ್ನೂ ಒಮ್ಮೆಗೇ ನಾಶಮಾಡುವ ರ‍್ಯಾತ್ ಆಫ್ ಗಾಡ್, ಅದಕ್ಕೆ ಬೇಕಾದದ್ದು ನಾಲ್ಕು ಮಾನಾ. ಬಿಳಿ-ನೀಲಿಯವರು ಮೊದಲು ಆಡಿದ್ದರೆ, ಕೆಂಪಿನವರ ನಾಲ್ಕನೇ ದಾಳಿಗೆ ಮುಂಚೆಯೇ ಅವರ ನಾಲ್ಕನೇ ಸರದಿ ಬರುತ್ತದೆ. ಆರು ಲೈಫ್ ಉಳಿದಿರುವಾಗ ರ‍್ಯಾತ್ ಬಿದ್ದು ಮೇಜು ಸ್ವಚ್ಛವಾಗುತ್ತದೆ. ಕೆಂಪಿನವರು ಮೊದಲು ಆಡಿದ್ದರೆ, ಅವರ ನಾಲ್ಕನೇ ದಾಳಿಯ ಹೊತ್ತಿಗೆ ಬಿಳಿ-ನೀಲಿಯವರಿಗೆ ಸಿಕ್ಕಿರುವುದು ಮೂರೇ ಸರದಿ, ರ‍್ಯಾತ್ ಕೈಯಲ್ಲೇ ಉಳಿಯುತ್ತದೆ. ಅಂದರೆ ಯಾರು ಮೊದಲು ಆಡಬೇಕೆಂದು ನಾಣ್ಯ ಚಿಮ್ಮುವುದರಲ್ಲೇ ಅರ್ಧ ಆಟ ತೀರ್ಮಾನವಾಗುತ್ತದೆ. ಮೊದಲು ಆಡುವವರು ಮೊದಲ ಸರದಿಯ ಕಾರ್ಡು ಎತ್ತುವಂತಿಲ್ಲವೆಂಬ ನಿಯಮ ಈ ಅಂತರವನ್ನು ತುಂಬಲು ಸಾಲದು.

ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರವೆಂದರೆ ಸೋಲುವ ಡೆಕ್ಕಿಗೆ ಇನ್ನಷ್ಟು ಬಲವಾದ ಕಾರ್ಡು ಹಾಕುವುದು. ನಾನು ಆ ದಾರಿ ಹಿಡಿಯುವುದಿಲ್ಲ. ಒಂದು ಕಡೆ ಬಲ ಏರಿಸಿದರೆ ಮುಂದಿನ ವಾರ ಇನ್ನೊಂದು ಕಡೆ ಏರಿಸಬೇಕಾಗುತ್ತದೆ; ಕೊನೆಗೆ ಎರಡೂ ಡೆಕ್‌ಗಳು ಮೊದಲ ಕೈಯಲ್ಲೇ ಗೆಲುವು ಸೋಲು ನಿರ್ಧಾರವಾಗುವಷ್ಟು ಚೂಪಾಗಿಬಿಡುತ್ತವೆ. ನಾನು ತಿರುಗಿಸುವ ಕೀಲಿ ಪ್ರತಿಗಳ ಸಂಖ್ಯೆ. ಮೊದಲು ಆಡುವವರು ಮೂರನೇ ಸರದಿಯ ಹೊತ್ತಿಗೆ, ಆರಂಭದ ಏಳೂ ಸೇರಿ, ಒಂಬತ್ತು ಕಾರ್ಡು ನೋಡಿರುತ್ತಾರೆ. ಅರವತ್ತರಲ್ಲಿ ನಾಲ್ಕು ಚೀಫ್‌ಟನ್ ಇದ್ದರೆ ಅವುಗಳಲ್ಲಿ ಒಂದಾದರೂ ಆ ಒಂಬತ್ತರೊಳಗೆ ಬಂದಿರುವ ಸಾಧ್ಯತೆ ಸುಮಾರು ಶೇ. 49, ಮೂರಿದ್ದರೆ ಶೇ. 39, ಎರಡಿದ್ದರೆ ಶೇ. 28. ಕಾರ್ಡು ಅದೇ, ಅದು ಬಂದಾಗಿನ ಸಂಭ್ರಮವೂ ಅದೇ, ಆದರೆ ಬರುವುದು ಅಪರೂಪವಾಗುತ್ತದೆ. ನಾನು ಎರಡಕ್ಕೆ ಇಳಿಸಿದೆ. ರ‍್ಯಾತ್‌ಗೂ ಇದೇ ನ್ಯಾಯ. ನಾಲ್ಕು ಪ್ರತಿಗಳಿದ್ದಾಗ, ಮೊದಲು ಆಡುವವರ ಕೈಗೆ ನಾಲ್ಕನೇ ಸರದಿಯೊಳಗೆ ಅದು ಬಂದಿರುವ ಸಾಧ್ಯತೆ ಸುಮಾರು ಶೇ. 53, ಮೂರಿದ್ದಾಗ ಶೇ. 43. ಮೂರನ್ನೇ ಇಟ್ಟೆ. "ರ‍್ಯಾತ್ ಇದೆಯೋ ಇಲ್ಲವೋ" ಎಂಬ ಅನುಮಾನ ಕೆಂಪಿನವರಿಗೆ ಕೊನೆಯವರೆಗೂ ಉಳಿಯಬೇಕು. ಇದ್ದೇ ಇದೆ ಎಂದು ಖಾತ್ರಿಯಾದರೆ ಅವರು ಕೈಯಲ್ಲಿ ಎರಡು ಗಾಬ್ಲಿನ್ ಮುಚ್ಚಿಟ್ಟುಕೊಂಡು ಕಣ್ಣುಮುಚ್ಚಿ ಆಡುತ್ತಾರೆ, ಅದು ಬೇಸರದ ಆಟ.

ಚೀಫ್‌ಟನ್ ಕಡಿಮೆಯಾದ ಜಾಗಕ್ಕೆ ಮಾಗ್ ವಾರ್ ಮಾರ್ಷಲ್ ಬಂತು. ಅದು ಮೇಜಿಗೆ ಬರುವಾಗ ಒಂದು ಗಾಬ್ಲಿನ್ ಟೋಕನ್ (ಡೆಕ್ಕಿನಲ್ಲಿಲ್ಲದ, ಗುರುತಿಟ್ಟು ತೋರಿಸುವ ಜೀವಿ) ತರುತ್ತದೆ, ಸಾಯುವಾಗ ಇನ್ನೊಂದನ್ನು ಬಿಟ್ಟುಹೋಗುತ್ತದೆ. ರ‍್ಯಾತ್ ಬಿದ್ದ ಮೇಲೂ ಕೆಂಪಿನವರ ಬಳಿ ಒಂದು ಪುಟ್ಟ ಗಾಬ್ಲಿನ್ ಉಳಿದಿರುತ್ತದೆ. ಸೋತೆವೆಂದು ಕಾರ್ಡು ಮಡಚಿಡುವ ಬದಲು ಇನ್ನೂ ಆಡಬಹುದು. ಬಿಳಿ-ನೀಲಿಯ ಕಡೆ ಎರಡನೇ ಸರದಿಗೆ ವಾಲ್ ಆಫ್ ಓಮೆನ್ಸ್ ಹಾಕಿದೆ. 0/4 ಇರುವ ಈ ಗೋಡೆ ಬೋಲ್ಟ್‌ಗೆ ಬೀಳುವುದಿಲ್ಲ, ಬರುವಾಗ ಒಂದು ಕಾರ್ಡನ್ನೂ ಕೊಡುತ್ತದೆ. ನಾಲ್ಕು ಗೋಡೆಗಳಿದ್ದರೆ ಗಾಬ್ಲಿನ್‌ಗಳು ಹೆಜ್ಜೆ ಇಡುವುದೇ ಕಷ್ಟವಾಗುತ್ತದೆ, ಎರಡಿದ್ದರೆ ಉಸಿರಾಡಲು ಜಾಗ ಸಿಗುತ್ತದೆ.

ಗಾಬ್ಲಿನ್ ಪೈಲ್‌ಡ್ರೈವರ್ ಯಾಕಿಲ್ಲವೆಂದು ಬಲ್ಲವರು ಕೇಳುತ್ತಾರೆ. ಅದಕ್ಕೆ ನೀಲಿಯಿಂದ ರಕ್ಷಣೆ ಇದೆ. ಆ ರಕ್ಷಣೆ ಕೆಲಸ ಮಾಡುವುದು ಕಾರ್ಡು ಮೇಜಿಗಿಳಿದ ಮೇಲೆ, ಆದ್ದರಿಂದ ಅದನ್ನು ಆಡುವಾಗಲೇ, ಆಡುತ್ತಿರುವ ಕಾರ್ಡನ್ನು ರದ್ದುಮಾಡುವ ಕೌಂಟರ್‌ಸ್ಪೆಲ್ ಎಂಬ ನೀಲಿ ಕಾರ್ಡಿನಿಂದ ತಡೆಯಬಹುದು. ಹೊಸಬರು ಇದನ್ನು ಒಪ್ಪುವುದಿಲ್ಲ, ಆಟ ನಿಂತು ವಾದ ಶುರುವಾಗುತ್ತದೆ. ನನ್ನ ಬಿಳಿ-ನೀಲಿ ಡೆಕ್ಕಿನ ಜೀವಿಗಳೆಲ್ಲ ಬಿಳಿಯವೇ ಆದ್ದರಿಂದ ಆ ರಕ್ಷಣೆಯಿಂದ ಪ್ರಯೋಜನವೂ ಇಲ್ಲ. ತಲೆನೋವು ತರುವ ಕಾರ್ಡನ್ನು ಬಿಟ್ಟುಬಿಡುವ ಸ್ವಾತಂತ್ರ್ಯ ಜೋಡಿ ಡೆಕ್ ಕಟ್ಟುವವರಿಗಿದೆ, ನಾನು ಅದನ್ನು ಧಾರಾಳವಾಗಿ ಬಳಸಿಕೊಳ್ಳುತ್ತೇನೆ.

ಲ್ಯಾಂಡ್‌ಗಳ ಲೆಕ್ಕಕ್ಕೆ ಬಹಳ ಜನ ಕೊನೆಯಲ್ಲಿ ಕೈಹಾಕುತ್ತಾರೆ. ನನ್ನ ಮಟ್ಟಿಗೆ ಸಮತೋಲದ ಅತಿ ನಾಜೂಕಾದ ಕೀಲಿ ಇರುವುದೇ ಅಲ್ಲಿ. ಕೆಂಪು ಡೆಕ್ಕಿನಲ್ಲಿ 20 ಮೌಂಟನ್ (ಕೆಂಪು ಮಾನಾ ಕೊಡುವ ಲ್ಯಾಂಡ್) ಇದ್ದಾಗ, ಮೊದಲ ಏಳು ಕಾರ್ಡುಗಳಲ್ಲಿ ಲ್ಯಾಂಡ್ ಇಲ್ಲದಿರುವ ಅಥವಾ ಒಂದೇ ಇರುವ ಸಾಧ್ಯತೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಒಂದು ಮಾನಾದ ಕಾರ್ಡುಗಳೇ ತುಂಬಿರುವ ಡೆಕ್ಕಿಗೆ ಒಂದು ಲ್ಯಾಂಡ್ ಇರುವ ಕೈಯೂ ಕೆಲವೊಮ್ಮೆ ನಡೆಯುತ್ತದೆ, ಹಾಗಾಗಿ ಈ ಅಪಾಯವನ್ನು ನಾನು ತಿಳಿದೇ ಉಳಿಸಿಕೊಂಡಿದ್ದೇನೆ; ವೇಗಕ್ಕೆ ಕೊಡಬೇಕಾದ ಬೆಲೆ ಅದು. ಬಿಳಿ-ನೀಲಿಯಲ್ಲಿ 25 ಲ್ಯಾಂಡ್ ಇವೆ, ಅಲ್ಲಿ ಅದೇ ಸಾಧ್ಯತೆ ಸುಮಾರು ಶೇ. 12. ಆದರೆ ಅಲ್ಲಿನ ತೊಂದರೆ ಎಣಿಕೆಯದಲ್ಲ, ಬಣ್ಣದ್ದು. ಕೌಂಟರ್‌ಸ್ಪೆಲ್‌ಗೆ ಎರಡು ನೀಲಿ ಮಾನಾ ಬೇಕು, ರ‍್ಯಾತ್‌ಗೆ ಕನಿಷ್ಠ ಎರಡು ಬಿಳಿ ಬೇಕು. ಎರಡೂ ಬಣ್ಣ ಕೊಡುವ ಲ್ಯಾಂಡ್‌ಗಳಲ್ಲಿ ನಾನು ಹಾಕಿರುವುದು ಟ್ರಾಂಕ್ವಿಲ್ ಕೋವ್. ಅದು ಬರುವಾಗ ಒಂದು ಲೈಫ್ ಕೊಡುತ್ತದೆ, ಆದರೆ ಟ್ಯಾಪ್ ಆಗಿಯೇ (ಆಗಲೇ ಬಳಸಿದಂತೆ ಅಡ್ಡ ತಿರುಗಿ) ಬರುವುದರಿಂದ ಆ ಸರದಿಯಲ್ಲಿ ಅದರ ಮಾನಾ ಸಿಗುವುದಿಲ್ಲ. ಮೊದಲ ಸರದಿಯಲ್ಲಿ ಬಂದರೆ ಏನೂ ನಷ್ಟವಿಲ್ಲ. ನಾಲ್ಕನೆಯದರಲ್ಲಿ ಬಂದರೆ ರ‍್ಯಾತ್ ಒಂದು ಸರದಿ ಮುಂದಕ್ಕೆ ಹೋಗುತ್ತದೆ, ಗಾಬ್ಲಿನ್‌ಗಳ ಎದುರು ಒಂದು ಸರದಿ ಸಣ್ಣ ಮಾತಲ್ಲ. ಬಿಳಿ-ನೀಲಿ ಅತಿಯಾಗಿ ಗೆಲ್ಲುತ್ತಿದ್ದರೆ ಒಂದು ಬೇಸಿಕ್ ಲ್ಯಾಂಡ್ ತೆಗೆದು ಕೋವ್ ಹಾಕುತ್ತೇನೆ, ಅತಿಯಾಗಿ ಸೋಲುತ್ತಿದ್ದರೆ ಕೋವ್ ತೆಗೆದು ಬೇಸಿಕ್ ಹಾಕುತ್ತೇನೆ. ಡೆಕ್ಕಿನ ಸ್ವಭಾವ ಬದಲಾಗುವುದಿಲ್ಲ, ಆಡುವವರಿಗೆ ಬದಲಾವಣೆ ಕಣ್ಣಿಗೂ ಬೀಳುವುದಿಲ್ಲ.

ಪರೀಕ್ಷೆಯ ಆಟಗಳನ್ನು ಪ್ರಾಕ್ಸಿಗಳಿಂದಲೇ ಆಡುತ್ತೇನೆ. ಕಾಗದದ ತುಂಡಿನ ಮೇಲೆ ಕಾರ್ಡಿನ ಹೆಸರು, ಮಾನಾ ಮತ್ತು ಕೆಲಸವನ್ನು ಬರೆದು, ಸ್ಲೀವ್ ಒಳಗೆ ಹಳೆಯ ಬೇಸಿಕ್ ಲ್ಯಾಂಡ್ ಒಂದರ ಮುಂದೆ ತುರುಕಿದರೆ ಕಲೆಸಲು ಅಡ್ಡಿಯಿಲ್ಲ. ಅಧಿಕೃತ ಟೂರ್ನಮೆಂಟಿನಲ್ಲಿ ಇವು ನಡೆಯುವುದಿಲ್ಲ, ಮನೆಯ ಮೇಜಿನ ಮೇಲೆ ಧಾರಾಳವಾಗಿ ನಡೆಯುತ್ತವೆ. ಸಂಖ್ಯೆಗಳು ನೆಲೆನಿಂತ ಮೇಲಷ್ಟೇ ನಿಜವಾದ ಕಾರ್ಡು ಕೊಳ್ಳುತ್ತೇನೆ.

ಒಬ್ಬನೇ ಕುಳಿತು ಎರಡೂ ಕೈ ಆಡುವುದರಿಂದ ವೇಗದ ಅಂದಾಜು ಸಿಗುತ್ತದೆ, ಅಷ್ಟೇ. ಕೌಂಟರ್‌ಸ್ಪೆಲ್ ಇರುವ ಡೆಕ್ಕನ್ನು ಒಬ್ಬರೇ ಪರೀಕ್ಷಿಸಲು ಆಗುವುದೇ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಎದುರಿನವರು ಎರಡು ನೀಲಿ ಲ್ಯಾಂಡನ್ನು ಟ್ಯಾಪ್ ಮಾಡದೆ ಸುಮ್ಮನೆ ಕುಳಿತಿರುವಾಗ, ಅವರ ಕೈಯಲ್ಲಿ ಏನಿದೆಯೋ ತಿಳಿಯದ ಕೆಂಪಿನವರು ಸೀಜ್-ಗ್ಯಾಂಗ್ ಕಮಾಂಡರನ್ನು ಈಗಲೇ ಇಳಿಸುವುದೋ, ಮೊದಲು ಒಂದು ಸಣ್ಣ ಕಾರ್ಡನ್ನು ಮುಂದೆ ಬಿಟ್ಟು ನೋಡುವುದೋ ಎಂದು ತೂಗಿ ನೋಡುತ್ತಾರಲ್ಲ, ಕೌಂಟರ್‌ಸ್ಪೆಲ್‌ನ ನಿಜವಾದ ಬಲ ಇರುವುದು ಅಲ್ಲಿ. ಎರಡೂ ಕೈಗಳನ್ನು ಬಲ್ಲವನಿಗೆ ಆ ಹಿಂಜರಿಕೆ ಹುಟ್ಟುವುದಿಲ್ಲ. ಆದ್ದರಿಂದ ಸ್ನೇಹಿತರನ್ನು ಕೂರಿಸಿ, ಆಟಕ್ಕೊಮ್ಮೆ ಡೆಕ್ ಅದಲುಬದಲು ಮಾಡಿ, ಮೊದಲು ಆಡುವ ಅವಕಾಶವನ್ನೂ ಸರದಿಯಂತೆ ಕೊಟ್ಟು ಆಡಿಸುತ್ತೇನೆ. ಹಾಗೆ ಮಾಡದಿದ್ದರೆ ಗೆದ್ದದ್ದು ಡೆಕ್ಕೋ, ಆಡಿದವರ ಜಾಣ್ಮೆಯೋ ಗೊತ್ತಾಗುವುದಿಲ್ಲ.

ಆಟ ಮುಗಿದಾಗ ಯಾರು ಗೆದ್ದರೆಂಬುದರ ಜೊತೆಗೆ, ಎಷ್ಟನೇ ಸರದಿಯಲ್ಲಿ ಎಂಬುದನ್ನೂ, ಸೋತವರ ಕೈಯಲ್ಲಿ ಉಳಿದಿದ್ದ ಕಾರ್ಡುಗಳನ್ನೂ ಬರೆದಿಡುತ್ತೇನೆ. ಈ ಕೊನೆಯದು ಹೇಳುವಷ್ಟನ್ನು ಗೆಲುವಿನ ಎಣಿಕೆ ಹೇಳುವುದಿಲ್ಲ. ಬಿಳಿ-ನೀಲಿಯವರು ಮತ್ತೆ ಮತ್ತೆ ಕೈಯಲ್ಲಿ ಎರಡು ಕೌಂಟರ್‌ಸ್ಪೆಲ್ ಹಿಡಿದುಕೊಂಡೇ ಸೋಲುತ್ತಿದ್ದರೆ, ಅವು ಬರುವ ಮುಂಚೆಯೇ ಗಾಬ್ಲಿನ್‌ಗಳು ಮೇಜಿಗೆ ಇಳಿದಿದ್ದವೆಂದು ಅರ್ಥ. ಅಂಥಲ್ಲಿ ಒಂದು ಕೌಂಟರ್‌ಸ್ಪೆಲ್ ಜಾಗಕ್ಕೆ ಮೇಜಿಗಿಳಿದ ಜೀವಿಯನ್ನೂ ತೆಗೆದುಹಾಕುವ, ಒಂದೇ ಮಾನಾದ ಸ್ವೋರ್ಡ್ಸ್ ಟು ಪ್ಲೌಶೇರ್ಸ್ ಬರುತ್ತದೆ. ಕೆಂಪಿನವರು ಕೈ ಬರಿದಾಗಿ, ಎತ್ತಿದ ಕಾರ್ಡನ್ನೆಲ್ಲ ಆಗಲೇ ಆಡಿ ಸೋಲುತ್ತಿದ್ದರೆ ದೋಷ ಕಾರ್ಡುಗಳಲ್ಲಿಲ್ಲ, ಆಟ ಉದ್ದವಾಗುತ್ತಿದೆ. ಆಗ ಗೋಡೆಗಳತ್ತ ಕಣ್ಣು ಹಾಯಿಸುತ್ತೇನೆ. ಒಂದು ಕೂರಿಕೆಯಲ್ಲಿ ಒಂದೇ ಬದಲಾವಣೆ. ಎರಡು ಕಡೆ ಒಟ್ಟಿಗೆ ಕೈಯಾಡಿಸಿದರೆ ಯಾವುದು ಫಲ ಕೊಟ್ಟಿತೆಂದು ಹೇಳುವವರಿಲ್ಲ.

ಸಮತೋಲ ಕೂಡಿದ ಮೇಲೂ ಎರಡೂ ಡೆಕ್‌ಗಳು ಆಡುವವರಿಂದ ಕೇಳುವ ಶ್ರಮ ಒಂದೇ ಅಲ್ಲ. ಹೊಸಬರು ಮತ್ತು ಪಳಗಿದವರು ಎದುರುಬದುರಾದಾಗ ನಾನು ಹೊಸಬರಿಗೆ ಕೆಂಪನ್ನೇ ಕೊಡುತ್ತೇನೆ. ಗಾಬ್ಲಿನ್ ಇಳಿಸಿ ಮುಂದೆ ನುಗ್ಗುವುದು ಬಹಳ ಸಲ ಸರಿಯಾದ ನಡೆಯೇ ಆಗಿರುತ್ತದೆ. ಬಿಳಿ-ನೀಲಿಯಲ್ಲಿ ಯಾವುದನ್ನು ತಡೆಯಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂಬುದು ತಿಳಿಯಲು ಎದುರಿನ ಡೆಕ್ಕಿನ ಪರಿಚಯ ಬೇಕು. ಅದಕ್ಕೆಂದೇ ಡಬ್ಬಿಯೊಳಗೆ ಎರಡೂ ಡೆಕ್‌ಗಳ ಪೂರ್ತಿ ಪಟ್ಟಿಯನ್ನು ಇಟ್ಟಿದ್ದೇನೆ, ಯಾರು ಬೇಕಾದರೂ ಆಟದ ನಡುವೆಯೂ ತೆಗೆದು ನೋಡಬಹುದು. ಪಟ್ಟಿಯ ಹಿಂದೆ ಸ್ಲೀವ್ ಹಾಕಿಟ್ಟ ಕೆಲವು ಕಾರ್ಡುಗಳಿವೆ: ಮೂರನೆಯ ಚೀಫ್‌ಟನ್, ಮೂರನೆಯ ಗೋಡೆ, ಎರಡು ಕೋವ್, ಪ್ಲೇನ್ಸ್ ಮತ್ತು ಐಲ್ಯಾಂಡ್ ಎಂಬ ಬಿಳಿ, ನೀಲಿ ಬೇಸಿಕ್ ಲ್ಯಾಂಡ್ ಒಂದೊಂದು. ಆಡುವವರನ್ನು ನೋಡಿಕೊಂಡು ಅವುಗಳಲ್ಲಿ ಒಂದನ್ನು ಒಳಗೆ ಸೇರಿಸಿ, ಇನ್ನೊಂದನ್ನು ಹೊರಗೆ ತೆಗೆದು, ಕಲೆಸಿ ಕೊಡುತ್ತೇನೆ.