ಆರಿದ್ರೆ ಮಳೆಯಲ್ಲೂ ತಪ್ಪದ ದಿನಚರಿ

ಯುಗಾದಿಗೆ ಶುರುವಾದ ಬೆಳಗಿನ ವಾಕಿಂಗ್ ಮಲೆನಾಡಿನಲ್ಲಿ ಮೃಗಶಿರ ಮಳೆಗೆ ನಿಲ್ಲುತ್ತದೆ. ಸೋಮಾರಿತನ ಅಂತ ಬೈದುಕೊಳ್ಳುವ ಅಗತ್ಯವಿಲ್ಲ, ತಪ್ಪು ಲೆಕ್ಕದ್ದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಲ್ಲಾಗಲಿ, ಪಕ್ಕದ ತೀರ್ಥಹಳ್ಳಿ, ಹೊಸನಗರದಲ್ಲಾಗಲಿ ಬಿಸಿಲುಗಾಲದ ದಿನಚರಿ ಜೂನ್‌ನಲ್ಲಿ ಹೇಗೆ ನಿಂತೀತು? ಹೊಸ ಅಭ್ಯಾಸವನ್ನು ಮಳೆಗಾಲದ ಅಳತೆಗೇ ಹೊಲಿಸಿಕೊಳ್ಳಿ. ಬೇಸಿಗೆಯಲ್ಲಿ ಅದು ಸಡಿಲವಾಗಿಯೇ ಕೂರುತ್ತದೆ.

ಮೊದಲು ಒಂದು ಗೂಟ ಹುಡುಕಿ

‘ಬೆಳಿಗ್ಗೆ 6ಕ್ಕೆ ಏಳುತ್ತೇನೆ’ ಎಂಬ ನಿರ್ಧಾರ ಮೋಡದ ದಿನ ಬಾಳುವುದಿಲ್ಲ. ಆರಕ್ಕೂ ಏಳಕ್ಕೂ ಹೊರಗೆ ಅದೇ ಮಬ್ಬು. ಗಡಿಯಾರದ ಬದಲು, ಯಾರೂ ನೆನಪಿಸದಿದ್ದರೂ ಮನೆಯಲ್ಲಿ ನಡೆದೇ ನಡೆಯುವ ಕೆಲಸಕ್ಕೆ ಅಭ್ಯಾಸವನ್ನು ಕಟ್ಟಿಹಾಕಿ. ಹಳ್ಳಿಮನೆಯಲ್ಲಿ ಬಚ್ಚಲ ಒಲೆಗಿಂತ ಒಳ್ಳೆಯ ಗೂಟ ಇಲ್ಲ. ಬೆಂಕಿ ಹಾಕಿ ಸೌದೆಯ ಕುಂಟೆ ಒಳಗೆ ನೂಕಿದರೆ ಹಂಡೆ ಕಾಯುವವರೆಗೆ ಅರ್ಧ ಗಂಟೆ ಸಿಗುತ್ತದೆ. ಒದ್ದೆ ಸೌದೆಯಾದರೆ ಇನ್ನೂ ಹೆಚ್ಚು. ಶಿವಮೊಗ್ಗ ಪೇಟೆಯ ಮನೆಗಳಲ್ಲಿ ಹಾಲು ಕಾಯಿಸುವುದೋ ನಲ್ಲಿ ನೀರು ಹಿಡಿಯುವುದೋ ಆದೀತು. ಒಂದು ಗೂಟಕ್ಕೆ ಒಂದೇ ಅಭ್ಯಾಸ ಕಟ್ಟಿ. ಪ್ರಾಣಾಯಾಮ, ಓದು, ವ್ಯಾಯಾಮ ಮೂರನ್ನೂ ಒಟ್ಟಿಗೆ ಕಟ್ಟಿದರೆ ವಾರದೊಳಗೆ ಮೂರೂ ಬಿಚ್ಚಿಕೊಳ್ಳುತ್ತವೆ.

ಜಗುಲಿಯಲ್ಲಿ ಒಂದು ಕಿಲೋಮೀಟರ್

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ಶಿವಮೊಗ್ಗದ ಗಾಂಧಿ ಪಾರ್ಕೇ ಆಗಬೇಕೆಂದಿಲ್ಲ. 30 ಅಡಿಯ ಜಗುಲಿ ಇದ್ದರೆ ಹೋಗಿ ಬಂದರೆ 60 ಅಡಿ, ಅಂಥ 55 ಸುತ್ತಿಗೆ ಒಂದು ಕಿಲೋಮೀಟರ್. ನಿಮ್ಮ ಜಗುಲಿ ಎಷ್ಟುದ್ದ ಎಂದು ಟೇಪ್ ಹಿಡಿದು ಅಳೆಯಿರಿ, ಅಂದಾಜು ಬೇಡ. ಎಣಿಕೆ ತಪ್ಪದಿರಲು ಚೆನ್ನೆಮಣೆಯ 11 ಕಾಳು ಕಿಟಕಿಯ ಮೇಲಿಟ್ಟುಕೊಂಡು 5 ಸುತ್ತಿಗೊಂದರಂತೆ ಆಚೆಗೆ ಸರಿಸಿ. ಕಾಳು ಮುಗಿಯುವುದರೊಳಗೆ ಕಾಲು ಗಂಟೆಗೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಸಂಜೆ ದೀಪ ಹಚ್ಚುವ ಮುಂಚೆ ಇನ್ನೊಂದು ಸರದಿ ಹಾಕಿದರೆ ದಿನಕ್ಕೆ ಅರ್ಧ ಗಂಟೆ, ವಾರದಲ್ಲಿ 5 ದಿನಕ್ಕೆ ಲೆಕ್ಕ ಸರಿಹೋಯಿತು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅದೇ ಮಧ್ಯಮ ವೇಗ.

ಎರಡು ಕಡೆ ಎಡವಟ್ಟಾಗುತ್ತದೆ. ತುದಿಯಲ್ಲಿ ಯಾವಾಗಲೂ ಬಲಕ್ಕೇ ತಿರುಗಿದರೆ ಒಂದೇ ಮಂಡಿಯ ಮೇಲೆ ಭಾರ ಬೀಳುತ್ತದೆ. ಒಂದು ತುದಿಯಲ್ಲಿ ಬಲಕ್ಕೆ ತಿರುಗಿದರೆ ಇನ್ನೊಂದರಲ್ಲಿ ಎಡಕ್ಕೆ ತಿರುಗಿ. ಇನ್ನೊಂದು ನೆಲದ್ದು. ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರುತ್ತದೆ. ಕಾಲುಚೀಲ ಹಾಕಿಕೊಂಡು ನಡೆದರೆ ಜಾರುವುದು ಖಂಡಿತ. ಒಣ ಗೋಣಿಯಿಂದ ಒರೆಸಿ, ಬರಿಗಾಲಲ್ಲೋ ರಬ್ಬರ್ ಅಟ್ಟೆಯ ಚಪ್ಪಲಿಯಲ್ಲೋ ನಡೆಯಿರಿ. ಪಾಚಿಗಟ್ಟಿದ ಅಂಗಳದ ಕಡೆಗಂತೂ ಹೋಗಲೇಬೇಡಿ.

ಮೂರನೇ ಕಾಫಿಯ ಜಾಗಕ್ಕೆ ಕಷಾಯ

ಜಡಿಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಕಾಫಿ ಮಾತ್ರ ಲೆಕ್ಕವಿಲ್ಲದೆ ಒಳಗೆ ಹೋಗುತ್ತದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ 5ರ ಕಾಫಿ ರಾತ್ರಿ 10ಕ್ಕೂ ಅರ್ಧ ಎಚ್ಚರವಾಗಿರುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಚಹಾ ಆಹಾರದ ಕಬ್ಬಿಣದ ಅಂಶ ಮೈಗೆ ಹತ್ತದಂತೆಯೂ ಮಾಡುತ್ತದೆ. ಒಂದು ಗಂಟೆಯ ಅಂತರ ಇರಲಿ.

ಕಷಾಯದ ಪುಡಿಗೆ ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50 ಗ್ರಾಂ, ಕಾಳುಮೆಣಸು 10 ಗ್ರಾಂ, ಹೆಬ್ಬೆರಳಿನಷ್ಟು ಒಣಶುಂಠಿ ಬೇಕು. ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಿರಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಘಮ ಬರುವುದರೊಳಗೆ ಜೀರಿಗೆ ಸೀದಿರುತ್ತದೆ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಿದ್ದಾಗಲೇ ಡಬ್ಬಿಗೆ ತುಂಬಿದರೆ ಒಳಗೇ ಬೆವೆತು ಗಂಟಾಗಿ ಬೂಷ್ಟು ಹಿಡಿಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಅಡಿಕೆ ಗಾತ್ರದ ಬೆಲ್ಲ ಹಾಕಿ ಮೂರ್ನಾಲ್ಕು ನಿಮಿಷ ಕುದಿಸಿ. ಹಾಲನ್ನು ಒಲೆಯಿಂದ ಇಳಿಸಿದ ಮೇಲೆ ಸೇರಿಸಬೇಕು, ಬೆಲ್ಲದ ಜೊತೆ ಕುದಿಸಿದರೆ ಒಡೆಯುತ್ತದೆ.

ಊಟದ ನಂತರದ ಎಲೆಅಡಿಕೆ ಬಗ್ಗೆ ಅಡಿಕೆ ಸೀಮೆಯಲ್ಲಿ ಬರೆಯುವುದು ತುಸು ಕಷ್ಟವೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ, ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ತಟ್ಟೆ ಜಗುಲಿಯಲ್ಲೇ ಇರಲಿ, ಅದರಲ್ಲಿ ಸೋಂಪು, ಓಮ ಇಡಿ.

ಕ್ಯಾಲೆಂಡರಿನಲ್ಲಿ ಒಂದು ಸೊನ್ನೆ

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಆದ ದಿನಕ್ಕೊಂದು ಸೊನ್ನೆ ಸುತ್ತಿ. ತೇವದ ಕಾಗದದ ಮೇಲೆ ಜೆಲ್ ಪೆನ್ ಕಲೆಸುತ್ತದೆ, ಪೆನ್ಸಿಲ್ ಕಟ್ಟಿಡಿ. 21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18, ಇನ್ನು ಕೆಲವರಿಗೆ 254 ದಿನದವರೆಗಿನ ಅಂದಾಜು. ಜೂನ್ 8ಕ್ಕೆ ಶುರು ಮಾಡಿದರೆ 66 ದಿನ ಆಗುವುದು ಆಗಸ್ಟ್ 12ಕ್ಕೆ, ಅಂದರೆ ಮಳೆಗಾಲದ ಕಠಿಣ ಭಾಗವೆಲ್ಲ ಅದರೊಳಗೇ ಬಂತು. ಮಧ್ಯೆ ಒಂದು ದಿನ ತಪ್ಪಿದರೆ ಕೆಡುವುದೇನಿಲ್ಲ ಎಂದೂ ಅದೇ ಅಧ್ಯಯನ ಕಂಡುಕೊಂಡಿತು. ನೆಂಟರು ಬಂದರು, ಕರೆಂಟು ಹೋಯಿತು, ಇವೆಲ್ಲ ಇದ್ದದ್ದೇ. ಆ ದಿನದ ಮನೆ ಖಾಲಿ ಬಿಟ್ಟು, ಮರುದಿನ ಹತ್ತೇ ಸುತ್ತಾದರೂ ನಡೆದು ಸೊನ್ನೆ ಹಾಕಿ.

ಮಳೆ ಹೊಳವಾದ ಮೇಲೆ

ಬಿಸಿಲು ಬಂದಮೇಲೆ ನಡಿಗೆ ತೋಟ, ಕಾಡಂಚಿಗೆ ಹೊರಳುತ್ತದೆ. ಆಗ ಬಚ್ಚಲ ಒಲೆಗೆ ಇನ್ನೊಂದು ಕೆಲಸ ಸೇರಿಸಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಕಾಡಿಗೆ ಹೋಗಿ ಬಂದವರು ಜಗುಲಿ ಹತ್ತುವ ಮುಂಚೆ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಬೇಕು. ಮೀಯುವಾಗಲೇ ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಮಂಡಿಯ ಹಿಂಭಾಗ ಬೆರಳಾಡಿಸಿ ನೋಡಿಕೊಳ್ಳಿ. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕಣ್ಣಿಗಿಂತ ಬೆರಳಿಗೇ ಬೇಗ ಸಿಗುತ್ತದೆ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಉಗುರಲ್ಲಿ ಹೊಸಕಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಆಮೇಲೆ ಎರಡು ವಾರದೊಳಗೆ ಜ್ವರ, ವಿಪರೀತ ಮೈಕೈ ನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದ ದಿನವನ್ನು ಮರೆಯದೆ ಹೇಳಿ. ಅದೂ ಕ್ಯಾಲೆಂಡರಿನಲ್ಲಿ ಇರಲಿ.